ತಂತ್ರಾಂಶವೂ ಒಂದು ಲೆಕ್ಕಪುಸ್ತಕವೇ

ಕಿರ್ದಿಯ ಪ್ರತಿ ನಮೂದಿಗೂ ಒಂದು ಸಾಲಿನ ವಿವರಣೆ ಇರಬೇಕೆಂಬುದು ವಾಣಿಜ್ಯದ ಹಳೆಯ ಶಿಸ್ತು. ಗುಮಾಸ್ತ ಬದಲಾದರೂ, ಲೆಕ್ಕಪರಿಶೋಧಕ ಬದಲಾದರೂ ನಮೂದಿನ ಅರ್ಥ ಉಳಿಯಬೇಕೆಂಬುದು ಅದರ ಉದ್ದೇಶ. ಬಿಲ್ಲಿಂಗ್, ದಾಸ್ತಾನು, ವೇತನಗಳಿಗಾಗಿ ತಂತ್ರಾಂಶ ಬರೆಸಿಕೊಳ್ಳುವಾಗ ಮಾತ್ರ ಅನೇಕ ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳು ಈ ಶಿಸ್ತನ್ನು ಮರೆಯುತ್ತಾರೆ. ಬಿಲ್ಲು ಸರಿಯಾಗಿ ಮುದ್ರಣವಾದರೆ ಸಾಕು, ಒಳಗಿನ ಕೋಡ್ ಹೇಗಿದ್ದರೇನು ಎಂಬ ಧೋರಣೆ ದುಬಾರಿಯಾದುದು.

ತೆರಿಗೆಯ ದರ ಬದಲಾದ ದಿನ ಅದರ ಬೆಲೆ ತಿಳಿಯುತ್ತದೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. 2025ರ ಸೆಪ್ಟೆಂಬರ್ 22ರಿಂದ ಶೇ. 12 ಮತ್ತು ಶೇ. 28ರ ಹಂತಗಳಲ್ಲಿದ್ದ ಬಹುತೇಕ ಸರಕುಗಳು ಶೇ. 5 ಅಥವಾ ಶೇ. 18ರ ಹಂತಕ್ಕೆ ಬಂದವು. ದರಗಳನ್ನು ಜಾರಿಯ ದಿನಾಂಕದೊಡನೆ ಒಂದೇ ಪಟ್ಟಿಯಲ್ಲಿ ಇರಿಸಿದ್ದ ತಂತ್ರಾಂಶಕ್ಕೆ ಇದು ಅಲ್ಪಕಾಲದ ಕೆಲಸ. '12' ಎಂಬ ಅಂಕಿಯನ್ನೇ ಹತ್ತಾರು ಕಡೆ ಬರೆದಿದ್ದರೆ, ಯಾವುದು ತೆರಿಗೆಯ ದರ, ಯಾವುದು ವರ್ಷದ ತಿಂಗಳು, ಯಾವುದು ಡಜನ್ನಿನ ಎಣಿಕೆ ಎಂಬುದನ್ನು ಬರೆದವನೇ ಬಂದು ಹೇಳಬೇಕು. ಹಳೆಯ ದರವನ್ನು ಅಳಿಸಿಬಿಡುವುದೂ ಪರಿಹಾರವಲ್ಲ. ಸೆಪ್ಟೆಂಬರ್ 22ಕ್ಕೆ ಮೊದಲು ಮಾರಿದ ಸರಕು ಅನಂತರ ಮರಳಿ ಬಂದರೆ, ಕ್ರೆಡಿಟ್ ನೋಟಿನಲ್ಲಿ ಮೂಲ ಬಿಲ್ಲಿನ ದರವೇ ಇರಬೇಕು.

ಬರೆದವನಲ್ಲದ ಮತ್ತೊಬ್ಬ ತಜ್ಞನೂ ಓದಿ ತಿದ್ದಬಲ್ಲದ್ದೇ ಉತ್ತಮ ಕೋಡ್. ಅದರಲ್ಲಿ ಹೆಸರುಗಳು ಅರ್ಥ ಹೇಳುತ್ತವೆ. ಒಂದು ಭಾಗ ಒಂದೇ ಕೆಲಸ ಮಾಡುತ್ತದೆ. ಏಕೆ ಹೀಗೆ ಮಾಡಲಾಗಿದೆ ಎಂಬ ಟಿಪ್ಪಣಿ ಇರುತ್ತದೆ. ಪ್ರತಿ ಬದಲಾವಣೆಯೂ ದಿನಾಂಕ ಸಹಿತ ದಾಖಲಾಗಿರುತ್ತದೆ. ಹೀಗೆ ಬರೆಯಲು ಹೆಚ್ಚು ಸಮಯ, ಹೆಚ್ಚು ಹಣ ಬೇಕೆಂಬ ಆಕ್ಷೇಪ ಸುಳ್ಳಲ್ಲ. ಆದರೆ ಆ ವೆಚ್ಚ ಒಮ್ಮೆ ಬರುವಂಥದು. ಓದಲಾಗದ ಕೋಡಿನ ವೆಚ್ಚ ಪ್ರತಿ ಅಧಿಸೂಚನೆಯೊಡನೆ ಮರಳಿ ಬರುತ್ತದೆ. ಹಿಂದೆ ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದು ಜಾಗ ಉಳಿಸಿದ್ದರ ಫಲವಾಗಿ, 2000ನೇ ಇಸವಿ ಸಮೀಪಿಸಿದಾಗ ಜಗತ್ತಿನಾದ್ಯಂತ ಹಳೆಯ ಕೋಡನ್ನು ಸಾಲುಸಾಲಾಗಿ ಪರಿಶೀಲಿಸಬೇಕಾಯಿತು.

ಕಾನೂನಿನ ಅಂಶವೂ ಗಮನಾರ್ಹ. 1957ರ ಕೃತಿಸ್ವಾಮ್ಯ ಕಾಯಿದೆಯಡಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ವರ್ಗಕ್ಕೆ ಸೇರಿದೆ. ನೌಕರನಲ್ಲದ ಹೊರಗಿನವನು ಬರೆದುಕೊಟ್ಟ ಕೋಡಿನ ಹಕ್ಕು, ಹಣ ಪಾವತಿಸಿದ ಮಾತ್ರಕ್ಕೆ ವರ್ತಕನದಾಗುವುದಿಲ್ಲ. ಅದಕ್ಕೆ ಸಹಿ ಮಾಡಿದ ಲಿಖಿತ ವರ್ಗಾವಣೆ ಬೇಕು. ಅದರಲ್ಲಿ ಅವಧಿಯನ್ನು ನಮೂದಿಸದಿದ್ದರೆ 5 ವರ್ಷಗಳೆಂದೇ ಪರಿಗಣಿಸಲಾಗುತ್ತದೆ.

ಆದ್ದರಿಂದ ತಂತ್ರಾಂಶ ಬರೆಸುವವರು ಒಪ್ಪಂದದಲ್ಲೇ ಹಕ್ಕಿನ ವರ್ಗಾವಣೆ, ಮೂಲ ಕೋಡ್ ಮತ್ತು ಟಿಪ್ಪಣಿಗಳ ಹಸ್ತಾಂತರವನ್ನು ಸೇರಿಸುವುದು ಲೇಸು. ಕೊನೆಯ ಕಂತನ್ನು ಕೊಡುವ ಮುನ್ನ ಮತ್ತೊಬ್ಬ ತಜ್ಞನಿಂದ ಒಂದು ಸರಕಿನ ದರವನ್ನು ಪ್ರಾಯೋಗಿಕವಾಗಿ ಬದಲಿಸಿ ನೋಡಲಿ. ಅವನು ಟಿಪ್ಪಣಿಗಳನ್ನಷ್ಟೇ ಓದಿ ಆ ಕೆಲಸ ಮುಗಿಸಿದರೆ ಹಣ ಸಾರ್ಥಕ. ಮುಗಿಸಲಾಗದಿದ್ದರೆ, ಕೊಂಡದ್ದು ತಂತ್ರಾಂಶವಲ್ಲ, ಒಬ್ಬ ವ್ಯಕ್ತಿಯ ಮೇಲಿನ ಅವಲಂಬನೆ.