ನೊಣಕ್ಕೆ ರವೆ ಬೆಲ್ಲ, ಸಂಶೋಧಕರಿಗೆ ತಾಳ್ಮೆ

ಪ್ರತಿ ಫೆಬ್ರವರಿಯ ವಿಜ್ಞಾನ ದಿನಕ್ಕೆ ವೇದಿಕೆಯಿಂದ ಒಂದು ಮಾತು ಬಂದೇ ಬರುತ್ತದೆ: ‘ಅವಕಾಶ ಬೇಕಾದಷ್ಟಿದೆ, ನಮ್ಮ ಮಕ್ಕಳಿಗೆ ಸಂಶೋಧನೆಯಲ್ಲಿ ಆಸಕ್ತಿಯೇ ಇಲ್ಲ.’ ಇದು ಸುಳ್ಳು. ಹೇಳುವವರ ಸಂಬಳ ಮಾತ್ರ ತಿಂಗಳು ತಿಂಗಳು ಸರಿಯಾಗಿ ಬರುತ್ತಿರುತ್ತದೆ.

ನಾನು ಹಣ್ಣುನೊಣಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ರವೆ, ಬೆಲ್ಲ, ಅಗರ್ ಹಾಕಿ ಕುದಿಸಿದ, ಹೆಚ್ಚುಕಡಿಮೆ ಸಜ್ಜಿಗೆಯಂಥದ್ದೇ ಅವುಗಳ ಊಟ. 25 ಡಿಗ್ರಿ ಶಾಖದಲ್ಲಿ ಮೊಟ್ಟೆ ನೊಣವಾಗಲು ಸುಮಾರು 10 ದಿನ ಸಾಕು. ಬಾಟಲಿ ಬದಲಿಸುವುದು ತಡವಾದರೆ ವರ್ಷಗಟ್ಟಲೆ ಕಾಪಾಡಿದ ತಳಿ ಕೈತಪ್ಪಬಹುದು. ಹಾಗಾಗಿ ನಮಗೆ ಭಾನುವಾರವೂ ಇಲ್ಲ, ದೀಪಾವಳಿಯೂ ಇಲ್ಲ. ನೊಣದ ಊಟ ತಪ್ಪುವುದಿಲ್ಲ. ಅದನ್ನು ಬಡಿಸುವವರ ಫೆಲೋಶಿಪ್ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು.

ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. 2023ರ ಜನವರಿಯಿಂದ ಜೆಆರ್‌ಎಫ್‌ಗೆ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ಮೇಲೆ ಸಮಿತಿ ಒಪ್ಪಿದರೆ 42,000. ಆದರೆ ಹಾಜರಿ, ಗೈಡ್ ಸಹಿ, ವಿಭಾಗದ ಮುಖ್ಯಸ್ಥರ ಸಹಿ, ಕಚೇರಿಯ ಅಪ್‌ಲೋಡ್, ಆಮೇಲೆ ದೆಹಲಿ. ಈ ದಾರಿಯಲ್ಲಿ ಎಲ್ಲೇ ಒಂದು ಕಡತ ನಿಂತರೂ ತಿಂಗಳುಗಳೇ ನಿಲ್ಲುತ್ತವೆ. ಅಲ್ಲಿಯವರೆಗೆ ಬೇರೆ ಕೆಲಸ ಮಾಡಿ ಬದುಕೋಣವೆಂದರೆ ಫೆಲೋಶಿಪ್ ಪಡೆದವರು ಬೇರೆಡೆ ಸಂಬಳಕ್ಕೆ ದುಡಿಯುವಂತಿಲ್ಲ. ಕೈ ಕಟ್ಟುವ ನಿಯಮಕ್ಕೆ ತಾರೀಖಿದೆ, ಕೈಗೆ ಕಾಸು ಕೊಡುವುದಕ್ಕಿಲ್ಲ.

ಇವರಾದರೂ ನೆಟ್ ಗೆದ್ದವರು. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ನೆಟ್ ಇಲ್ಲದ ಪಿಎಚ್‌ಡಿ ವಿದ್ಯಾರ್ಥಿಗೆ ಯುಜಿಸಿ ಕೊಡುತ್ತಿದ್ದದ್ದು 8,000. ಅದನ್ನೂ ನಿಲ್ಲಿಸಹೊರಟಾಗ, 2015ರಲ್ಲಿ, ವಿದ್ಯಾರ್ಥಿಗಳು ದೆಹಲಿಯ ಯುಜಿಸಿ ಕಚೇರಿಯೆದುರು ಬೀದಿಯಲ್ಲಿ ಕೂರಬೇಕಾಯಿತು.

ನನ್ನ ಮೊದಲ ಕಂತು ಬಂದದ್ದು ಏಳನೇ ತಿಂಗಳಿಗೆ. ಅಲ್ಲಿಯವರೆಗೆ ಪಿಜಿ ಬಾಡಿಗೆ ಕಟ್ಟಿದವನು ಅಣ್ಣ. ನನ್ನ ಜೊತೆ ಸೇರಿದ್ದ ಹಾವೇರಿ ಕಡೆಯ ಗೆಳತಿಗೆ ಅಂಥ ಅಣ್ಣ ಇರಲಿಲ್ಲ. ಮೆಕ್ಕೆಜೋಳದ ಎಲೆಯ ತೂತು ನೋಡಿಯೇ ಯಾವ ಹುಳು ಎಂದು ಹೇಳಬಲ್ಲವಳು ಅವಳು. 2018ರಲ್ಲಿ ಸೈನಿಕ ಹುಳು ದೇಶದಲ್ಲೇ ಮೊದಲು ಕರ್ನಾಟಕದಲ್ಲಿ ಕಾಣಿಸಿಕೊಂಡಾಗ ಅದು ಅವಳಪ್ಪನ ಹೊಲವನ್ನೂ ತಿಂದಿತ್ತು. ಅವಳು ಸಂಶೋಧನೆಗೆ ಬಂದದ್ದೇ ಆ ಸಿಟ್ಟಿಗೆ. ಐದನೇ ತಿಂಗಳಿಗೆ ಬಿಟ್ಟು, ಕೋಚಿಂಗ್ ಸೆಂಟರಿನಲ್ಲಿ ನೀಟ್ ಪಾಠ ಹೇಳಲು ಹೋದಳು. ಅವಳಿಗೂ ‘ಆಸಕ್ತಿ ಇರಲಿಲ್ಲ’ ಅನ್ನುತ್ತೀರಾ?

‘ಸಂಶೋಧನೆ ತಪಸ್ಸು, ದುಡ್ಡಿನ ಲೆಕ್ಕ ಹಾಕಬಾರದು’ ಎನ್ನುವ ಹಿರಿಯರಿದ್ದಾರೆ. ಉಪವಾಸ ಯಾರದೆಂದು ನೋಡಿದರೆ ಈ ತಪಸ್ಸಿನ ಜಾತಿ, ವರ್ಗ ಎರಡೂ ತಿಳಿಯುತ್ತವೆ. ಏಳು ತಿಂಗಳು ಮನೆಯಿಂದ ಹಣ ತರಿಸಬಲ್ಲವರು ಉಳಿಯುತ್ತಾರೆ. ಮನೆಗೇ ಹಣ ಕಳಿಸಬೇಕಾದವರು ಹೋಗುತ್ತಾರೆ.

ತೇಜಸ್ವಿಯವರ ‘ಕರ್ವಾಲೋ’ ಓದಿದವರಿಗೆ ಮಂದಣ್ಣ ಗೊತ್ತು. ಹಾರುವ ಓತಿಯನ್ನು ಕಂಡಿದ್ದವನು ಅವನು; ಅವನಿಲ್ಲದೆ ವಿಜ್ಞಾನಿಗೆ ಕಾಡಿನಲ್ಲಿ ದಾರಿಯಿರಲಿಲ್ಲ. ಆ ಕಾದಂಬರಿಯನ್ನು ಭಾಷಣದಲ್ಲಿ ಹೊಗಳುತ್ತಲೇ ನಾವು ಇಂದಿನ ಮಂದಣ್ಣಂದಿರನ್ನು ಲ್ಯಾಬಿನ ಬಾಗಿಲಿನಿಂದ ವಾಪಸ್ ಕಳಿಸುತ್ತಿದ್ದೇವೆ.

ನಾವು ಕೇಳುತ್ತಿರುವುದು ದಾನವಲ್ಲ, ಮಾಡಿದ ಕೆಲಸದ ಕೂಲಿ. ಅದು ತಿಂಗಳ ಗೊತ್ತಾದ ದಿನ ಬರಲಿ. ತಡವಾದರೆ ಸಂಸ್ಥೆಯೇ ಮುಂಗಡ ಕೊಡಲಿ. ನೆಟ್ ಇಲ್ಲದವರ ಮೊತ್ತ ಬಾಡಿಗೆಗಾದರೂ ಸಾಲುವಷ್ಟಿರಲಿ. ಅಷ್ಟು ಮಾಡಿದ ಮೇಲೆ ಬನ್ನಿ, ಯಾರಿಗೆ ಆಸಕ್ತಿಯಿದೆ, ಯಾರಿಗಿಲ್ಲ ಎಂದು ಮಾತಾಡೋಣ.