ಗುಣವಾಗದ ರೋಗಿಗೆ ನೆರೆಯವರೇ ಆಸರೆ

‘ಇನ್ನು ಮನೆಗೆ ಕರೆದುಕೊಂಡು ಹೋಗಿ’ ಎಂದು ವೈದ್ಯರು ಹೇಳಿದ ದಿನದಿಂದ ಕುಟುಂಬವೊಂದರ ನಿಜವಾದ ಕಷ್ಟ ಆರಂಭವಾಗುತ್ತದೆ. ಶಸ್ತ್ರಚಿಕಿತ್ಸೆಗೆ ಹಣ ಬೇಕೆಂದಾಗ ಕೈಜೋಡಿಸುವ ನಾವು, ಆಮೇಲೆ ಹಾಸಿಗೆ ಹಿಡಿದವರ ಮನೆಯತ್ತ ಹೋಗುವುದು ಅಪರೂಪ. ಮನಸ್ಸಿಲ್ಲವೆಂದಲ್ಲ, ಹೋಗಿ ಏನು ಮಾಡಬೇಕೆಂದು ನಮಗೆ ತಿಳಿದಿಲ್ಲ. ಇದನ್ನು ಕಲಿತು ತೋರಿಸಿದವರು ನಮ್ಮ ನೆರೆಯ ಕೇರಳದವರು.

ಭಾರತದಲ್ಲಿ ಹಾಸ್ಪಿಸ್ ಸೇವೆ ಆರಂಭವಾದದ್ದು 1986ರಲ್ಲಿ, ಮುಂಬಯಿಯ ಶಾಂತಿ ಅವೇದನಾ ಸದನದಿಂದ. ಬೆಂಗಳೂರಿನ ಕರುಣಾಶ್ರಯವೂ ಅಂತಿಮ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ಆರೈಕೆ ಮಾಡುತ್ತಿದೆ. ಇಂತಹ ಆಶ್ರಯಧಾಮಗಳ ಸೇವೆ ಅಮೂಲ್ಯ. ಆದರೆ ಅಲ್ಲಿರುವ ಹಾಸಿಗೆಗಳಿಗೆ ಮಿತಿಯಿದೆ.

ಕಲ್ಲಿಕೋಟೆಯಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಸಂಗಡಿಗರು 1993ರಲ್ಲಿ ನೋವು ಮತ್ತು ಉಪಶಾಮಕ ಆರೈಕೆ ಸಂಸ್ಥೆಯನ್ನು ಸ್ಥಾಪಿಸಿದರು. ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ಅವರ ಹೊರರೋಗಿ ಚಿಕಿತ್ಸಾಲಯ ನಡೆಯತೊಡಗಿತು. ನೋವು ಶಮನಕ್ಕೆ ಅಗತ್ಯವಾದ ಮಾರ್ಫಿನ್ ಪಡೆಯಲು 1985ರ ಮಾದಕ ದ್ರವ್ಯ ಕಾಯ್ದೆಯ ಕಟ್ಟುಪಾಡುಗಳು ಅಡ್ಡಿಯಾಗಿದ್ದವು. ಆ ಕಾಯ್ದೆ ಸಡಿಲಗೊಂಡದ್ದು 2014ರ ತಿದ್ದುಪಡಿಯಿಂದ. ಇನ್ನೊಂದು ತೊಡಕೂ ಇತ್ತು. ತೀರಾ ಬಳಲಿದ ರೋಗಿ ಚಿಕಿತ್ಸಾಲಯದವರೆಗೆ ಬರುವುದಾದರೂ ಹೇಗೆ?

ಈ ಪ್ರಶ್ನೆಗೆ ಉತ್ತರ ದೊರೆತದ್ದು ಮಲಪ್ಪುರಂ ಜಿಲ್ಲೆಯ ಹಳ್ಳಿಗಳಲ್ಲಿ. ರೋಗಿಯ ನೆರೆಹೊರೆಯವರನ್ನೇ ಆರೈಕೆಗೆ ಸಜ್ಜುಗೊಳಿಸಲಾಯಿತು. ವಾರಕ್ಕೆ ಎರಡು ಗಂಟೆ ಕೊಡಬಲ್ಲ ವಿದ್ಯಾರ್ಥಿಗಳು, ಗೃಹಿಣಿಯರು, ಕೂಲಿಕಾರರು ತರಬೇತಿ ಪಡೆದು ಸ್ವಯಂಸೇವಕರಾದರು. ತಿಂಗಳಿಗೆ ಹತ್ತು ರೂಪಾಯಿಯಂತಹ ಸಣ್ಣ ದೇಣಿಗೆಗಳಿಂದ ಖರ್ಚು ನಡೆಯಿತು. ಹುಣ್ಣು ತೊಳೆಯುವುದು, ಔಷಧಿ ತಲುಪಿಸುವುದು, ಮನೆಗೆ ಅಕ್ಕಿ ಒದಗಿಸುವುದು, ಮಕ್ಕಳ ಶಾಲೆ ತಪ್ಪದಂತೆ ನೋಡಿಕೊಳ್ಳುವುದು, ಎಲ್ಲವೂ ಆರೈಕೆಯೇ ಆಯಿತು. ವೈದ್ಯರು, ದಾದಿಯರು ಅವರ ಬೆನ್ನಿಗೆ ನಿಂತರು. ಕ್ಯಾನ್ಸರ್ ರೋಗಿಗಳಷ್ಟೇ ಅಲ್ಲದೆ ಪಾರ್ಶ್ವವಾಯು ಪೀಡಿತರು, ವಯೋವೃದ್ಧರೂ ಈ ಸೇವೆಯ ವ್ಯಾಪ್ತಿಗೆ ಬಂದರು.

2008ರಲ್ಲಿ ಕೇರಳ ಸರಕಾರ ಉಪಶಾಮಕ ಆರೈಕೆ ನೀತಿಯನ್ನು ಪ್ರಕಟಿಸಿತು. ದೇಶದಲ್ಲಿ ಇದೇ ಮೊದಲು. ಪಂಚಾಯತುಗಳು ದಾದಿಯರನ್ನು ನೇಮಿಸಿಕೊಂಡು ಮನೆಭೇಟಿ ನಡೆಸತೊಡಗಿದವು. ಜನರು ಹಾಕಿದ ಅಡಿಪಾಯದ ಮೇಲೆ ಸರಕಾರ ಗೋಡೆ ಕಟ್ಟಿತು ಎನ್ನಬಹುದು. ಆದರೆ ಇಲ್ಲೊಂದು ಅಪಾಯವನ್ನೂ ನಾವು ಗಮನಿಸಬೇಕು. ಸಂಬಳದ ದಾದಿ ಬರುತ್ತಾರೆಂದು ನೆರೆಯವರು ಹಿಂದೆ ಸರಿದರೆ, ಗಾಯಕ್ಕೆ ಮದ್ದು ಸಿಕ್ಕೀತು, ರೋಗಿಯ ಒಂಟಿತನ ಹಾಗೆಯೇ ಉಳಿದೀತು.

ಕಲ್ಲಿಕೋಟೆ ನಮಗೆ ದೂರದ ಊರಲ್ಲ. ನಮ್ಮ ಕರಾವಳಿಯಲ್ಲಿ ಆಸ್ಪತ್ರೆಗಳಿಗೂ ಕೊರತೆಯಿಲ್ಲ. ಮಕ್ಕಳು ಪರವೂರಿನಲ್ಲಿದ್ದು ವೃದ್ಧರಿಬ್ಬರೇ ಉಳಿದಿರುವ ಮನೆಗಳು ಮಾತ್ರ ಹೆಚ್ಚುತ್ತಿವೆ. ದೊಡ್ಡ ಕಟ್ಟಡ, ದೊಡ್ಡ ದಾನಿ ಸಿಗುವವರೆಗೆ ನಾವು ಕಾಯಬೇಕಾಗಿಲ್ಲ. ನಮ್ಮ ವಾರ್ಡಿನಲ್ಲಿ ಹಾಸಿಗೆ ಹಿಡಿದವರು ಎಷ್ಟು ಮಂದಿ ಎಂದು ತಿಳಿದುಕೊಳ್ಳುವುದರಿಂದ ಆರಂಭಿಸೋಣ. ಅವರಿಗಾಗಿ ವಾರಕ್ಕೆ ಎರಡು ಗಂಟೆ ನಮ್ಮಲ್ಲಿ ಯಾರ ಬಳಿಯೂ ಇಲ್ಲವೇ?