ಹಳೆ ವಿಮೆ ಕಾಗದ ಗುಜರಿಗೆ ಹಾಕುವ ಮುನ್ನ

ಆಯುಧಪೂಜೆ ಬಂತೆಂದರೆ ಮಿಲ್ಲು, ಗ್ಯಾರೇಜು, ವರ್ಕ್‌ಶಾಪುಗಳಲ್ಲಿ ಅಟ್ಟ ಗುಡಿಸುವ ಕೆಲಸ. ಗೆದ್ದಲು ಹಿಡಿದ ಲೆಡ್ಜರು, ಬಣ್ಣ ಮಾಸಿದ ರಸೀದಿ, ಅಪ್ಪನ ಕಾಲದ ವಿಮೆ ಪಾಲಿಸಿ ಎಲ್ಲವೂ ಒಂದೇ ಮೂಟೆಗೆ. 'ಅವಧಿ ಮುಗಿದು ಮೂವತ್ತು ವರ್ಷ ಆಯ್ತು, ಇದನ್ನೇನು ಉಪ್ಪಿನಕಾಯಿ ಹಾಕ್ತೀರಾ?' ಅಂತ ಮನೆಯವರು ಕೇಳುತ್ತಾರೆ. ಗುಜರಿಯವನು ತಕ್ಕಡಿ ಎತ್ತುತ್ತಾನೆ.

ಅಮೆರಿಕದಲ್ಲಿ ಇಂಥದೇ ಹಳೆ ಕಾಗದಕ್ಕೆ ಲಕ್ಷಾಂತರ ಡಾಲರ್ ಬೆಲೆ ಬಂದಿದೆ. ಅದನ್ನು ಹುಡುಕಿಕೊಡುವುದೇ ಅಲ್ಲಿ ಒಂದು ಕಸುಬು.

ಕಥೆ ಶುರುವಾದದ್ದು ವಿಷದಿಂದ. ನಯಾಗರ ಫಾಲ್ಸ್ ಪಟ್ಟಣದ ಲವ್ ಕೆನಾಲ್ ಎಂಬಲ್ಲಿ ಹೂಕರ್ ಎಂಬ ರಾಸಾಯನಿಕ ಕಂಪನಿ 1942ರಿಂದ 1953ರವರೆಗೆ ಸುಮಾರು 21 ಸಾವಿರ ಟನ್ ತ್ಯಾಜ್ಯ ಹೂತಿತು. ಮೇಲೆ ಮಣ್ಣು ಮುಚ್ಚಿ ಜಾಗವನ್ನು ಒಂದು ಡಾಲರಿಗೆ ಶಾಲಾ ಮಂಡಳಿಗೆ ಮಾರಿ ಕೈತೊಳೆದುಕೊಂಡಿತು. ಅಲ್ಲಿ ಶಾಲೆ ಬಂತು, ಪಕ್ಕದಲ್ಲಿ ಮನೆಗಳೂ ಬಂದವು. ಆಮೇಲೆ ಮನೆಗಳ ನೆಲಮಾಳಿಗೆಯಲ್ಲಿ ವಿಷ ಜಿನುಗತೊಡಗಿತು. 1978ರಲ್ಲಿ ಅಧ್ಯಕ್ಷ ಕಾರ್ಟರ್ ತುರ್ತುಸ್ಥಿತಿ ಸಾರಬೇಕಾಯಿತು. 1980ರಲ್ಲಿ 'ಸೂಪರ್‌ಫಂಡ್' ಕಾನೂನು ಬಂತು. ಹಾಳು ಮಾಡಿದವನೇ ತೊಳೆಯಬೇಕು, ಎಷ್ಟೇ ವರ್ಷ ಹಿಂದಿನದಾದರೂ ಸರಿ. ಬಹಳ ಕಡೆ ಈಗಿನ ಮಾಲೀಕನ ಕೊರಳಿಗೂ ಅದೇ ಉರುಳು.

ದೊಡ್ಡ ಕಂಪನಿ ಹೇಗೋ ತಡೆದುಕೊಂಡೀತು. ಬೀದಿ ಕೊನೆಯ ಡ್ರೈ ಕ್ಲೀನಿಂಗ್ ಅಂಗಡಿಯವನು, ಪೆಟ್ರೋಲ್ ಬಂಕಿನವನು ಏನು ಮಾಡಬೇಕು? ಬಟ್ಟೆ ಒಗೆಯುವ ದ್ರಾವಣ ಹನಿಹನಿಯಾಗಿ ನೆಲಕ್ಕೆ ಇಳಿದು ಅಂತರ್ಜಲ ಸೇರಿದೆ. ಅದನ್ನು ತೆಗೆಸುವ ಖರ್ಚಿಗೆ ಅಂಗಡಿ ಮಾರಿದರೂ ಸಾಲದು.

ಆಗ ವಕೀಲರ ಕಣ್ಣಿಗೆ ಬಿದ್ದದ್ದು ಹಳೆಯ ಹೊಣೆಗಾರಿಕೆ ವಿಮೆ. 1986ಕ್ಕೆ ಮುಂಚಿನ ಈ ಪಾಲಿಸಿಗಳಲ್ಲಿ ಹೆಚ್ಚಿನವು 'ಘಟನೆ' ಆಧಾರದವು. ಅಂದರೆ ಪಾಲಿಸಿ ಚಾಲ್ತಿಯಲ್ಲಿದ್ದ ವರ್ಷದಲ್ಲಿ ಹಾನಿ ನಡೆದಿದ್ದರೆ ಸಾಕು, ಹಣ ಕೇಳುವುದು ನಲವತ್ತು ವರ್ಷದ ನಂತರವಾದರೂ ಆಗಬಹುದು. ವಿಷ ಹತ್ತು ವರ್ಷ ಇಳಿದಿದ್ದರೆ ಹತ್ತು ವರ್ಷದ ಪಾಲಿಸಿಗಳನ್ನೂ ಕೆದಕಬಹುದು. ಸ್ವಂತ ಜಾಗದ ಹಾನಿಗೆ ಈ ವಿಮೆ ಇಲ್ಲ, ನಿಜ. ಆದರೆ ನೆಲದಡಿಯ ನೀರು ಒಬ್ಬನ ಸ್ವತ್ತಲ್ಲ ಎಂಬ ವಾದವನ್ನು ಅಲ್ಲಿನ ಅನೇಕ ಕೋರ್ಟುಗಳು ಒಪ್ಪಿವೆ.

ವಿಮಾ ಕಂಪನಿಗಳೇನು ಸುಮ್ಮನೆ ಕೂರಲಿಲ್ಲ. 'ಹಠಾತ್ ಮತ್ತು ಆಕಸ್ಮಿಕ' ಮಾಲಿನ್ಯಕ್ಕೆ ಮಾತ್ರ ಎಂಬ ಷರತ್ತು 1973ರಲ್ಲಿ ಮಾದರಿ ಪಾಲಿಸಿಯೊಳಗೆ ಬಂತು. 1986ರಲ್ಲಿ ಮಾಲಿನ್ಯಕ್ಕೆ ಹೆಚ್ಚುಕಡಿಮೆ ಪೂರ್ತಿ ಬಾಗಿಲು ಹಾಕಿದರು. ಆದರೂ ಇಂಡಿಯಾನಾ ರಾಜ್ಯದ ಸುಪ್ರೀಂ ಕೋರ್ಟು 1996ರಲ್ಲಿ ಒಂದು ಪೆಟ್ರೋಲ್ ಬಂಕಿನ ಕೇಸಿನಲ್ಲಿ, 'ಮಾಲಿನ್ಯಕಾರಕ ಅಂದರೆ ಯಾವುದೆಂದು ನೀವೇ ಸ್ಪಷ್ಟವಾಗಿ ಬರೆದಿಲ್ಲ' ಎಂದು ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು.

ಪಾಲಿಸಿಯೇ ಕಳೆದಿದ್ದರೆ? ಲೆಡ್ಜರಿನಲ್ಲಿ ಪ್ರೀಮಿಯಂ ಕಟ್ಟಿದ ಲೆಕ್ಕ, ಚೆಕ್ಕಿನ ಕೌಂಟರ್‌ಫಾಯಿಲ್, ಏಜೆಂಟನ ಪತ್ರ, ಬ್ಯಾಂಕ್ ಸಾಲದ ಕಡತ ಇವುಗಳಿಂದಲೂ ಸಾಬೀತು ಮಾಡಿದವರಿದ್ದಾರೆ. ಒಂದೇ ಎಚ್ಚರಿಕೆ: ವಿಷಯ ತಿಳಿದ ಕೂಡಲೇ ಕಂಪನಿಗೆ ಬರೆದು ತಿಳಿಸಬೇಕು. ಅವರನ್ನು ಕೇಳದೆ ಖರ್ಚು ಮಾಡಿ ಆಮೇಲೆ ಬಿಲ್ಲು ಹಿಡಿದು ಹೋದರೆ ಕೈಗೆ ಬರುವುದು ಅನುಮಾನ.

ಇದರಲ್ಲಿ ಎಲ್ಲವೂ ಚಿನ್ನವಲ್ಲ. 1992ರಲ್ಲಿ ರಾಂಡ್ ಸಂಸ್ಥೆ ನಾಲ್ಕು ವಿಮಾ ಕಂಪನಿಗಳ ಲೆಕ್ಕ ನೋಡಿತು. ಸೂಪರ್‌ಫಂಡ್ ಸಂಬಂಧ ಅವರು ಖರ್ಚು ಮಾಡಿದ ನೂರರಲ್ಲಿ 88 ಪಾಲು ವ್ಯಾಜ್ಯ, ವಕೀಲರು, ಓಡಾಟಕ್ಕೇ ಹೋಗಿತ್ತು. ಬೆಕ್ಕುಗಳ ಜಗಳದಲ್ಲಿ ಕೋತಿ ಬೆಣ್ಣೆ ತಿಂದಂತೆ! ಹಿಂದೆ ಊಹಿಸದ, ಪ್ರೀಮಿಯಂ ಪಡೆಯದ ಹೊಣೆಯನ್ನು ಈಗ ತಲೆಗೆ ಕಟ್ಟುತ್ತಿದ್ದಾರೆ ಎಂಬ ವಿಮಾದಾರರ ಗೋಳೂ ಪೂರಾ ಸುಳ್ಳಲ್ಲ. ಆದರೂ ಎಷ್ಟೋ ಕಡೆ ನೆಲ ಶುದ್ಧವಾದದ್ದು ಈ ಹಣದಿಂದಲೇ.

ಇಲ್ಲಿನ ಗತಿ ಬೇರೆ. ಭೋಪಾಲದ ಪಾಠದಿಂದ ಬಂದ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯ ಮುಖ್ಯ ಉದ್ದೇಶ ಅಪಘಾತದಲ್ಲಿ ನೊಂದವರಿಗೆ ತಕ್ಷಣದ ಪರಿಹಾರ. ಅಜ್ಜನ ಕಾಲದ ಮಣ್ಣು ತೊಳೆಯುವ ಪೆಟ್ಟಿಗೆ ಅದಲ್ಲ. ರಾಜಸ್ಥಾನದ ಬಿಛಡಿ ಗ್ರಾಮದಲ್ಲಿ ಕಾರ್ಖಾನೆಗಳ ವಿಷದಿಂದ ಬಾವಿ ನೀರು ಕೆಂಪಾಯಿತು. ಮಾಡಿದವರೇ ತೆರಬೇಕೆಂದು ಸುಪ್ರೀಂ ಕೋರ್ಟು 1996ರಲ್ಲೇ ಹೇಳಿತು. 2011ರಲ್ಲಿ ಅದೇ ಕೋರ್ಟು ಬಾಕಿಗೆ ಬಡ್ಡಿ ಸೇರಿಸಿ ಮತ್ತೆ ಗದರಬೇಕಾಯಿತು. ಹದಿನೈದು ವರ್ಷ! ಉಂಡೂ ಹೋದ, ಕೊಂಡೂ ಹೋದ ಅನ್ನುವುದು ಇದಕ್ಕೇ. ಬಾವಿಯವನು ಮಾತ್ರ ಬಿಂದಿಗೆ ಹಿಡಿದು ನಿಂತೇ ಇದ್ದ.

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಸ್ಥಳಗಳ ನಿರ್ವಹಣೆಗೆ ಹೊಸ ನಿಯಮ ತಂದಿದೆ. ಖರ್ಚು ಕೆಡಿಸಿದವನದೇ. ಇನ್ನು ಮುಂದೆ 'ಯಾರು, ಯಾವಾಗ, ಎಷ್ಟು' ಎಂಬ ಪ್ರಶ್ನೆ ಮುಚ್ಚಿದ ಕಾರ್ಖಾನೆಗಳ ಬಾಗಿಲಿಗೂ ಬರಬಹುದು. ಉತ್ತರ ಇರುವುದು ಹಳೆ ಕಾಗದದಲ್ಲಿ. 1973ರಲ್ಲಿ ಸಾಮಾನ್ಯ ವಿಮೆ ರಾಷ್ಟ್ರೀಕರಣವಾದಾಗ 107 ಕಂಪನಿಗಳು ನಾಲ್ಕು ಸರ್ಕಾರಿ ಕಂಪನಿಗಳಲ್ಲಿ ಸೇರಿದವು. ಹಳೆ ಕಂಪನಿಯ ಬೋರ್ಡು ಕಾಣುತ್ತಿಲ್ಲ ಎಂದ ಮಾತ್ರಕ್ಕೆ ಅದರ ಸಾಲ-ಹೊಣೆ ಆವಿಯಾಯಿತು ಎಂದಲ್ಲ.

ಹಾಗಾಗಿ ಅಧಿಕಾರಿಗಳು ಮಾಡಬೇಕಾದ್ದು ಇಷ್ಟೆ. ಕಾರ್ಖಾನೆ ಮುಚ್ಚುವಾಗ, ಜಾಗ ಕೈ ಬದಲಾಗುವಾಗ ಮಣ್ಣು, ನೀರು ಪರೀಕ್ಷೆ ಮಾಡಿಸಲಿ. ಏನು ತಯಾರಾಗುತ್ತಿತ್ತು, ತ್ಯಾಜ್ಯ ಎಲ್ಲಿ ಸುರಿದರು, ವಿಮೆ ಯಾರಲ್ಲಿತ್ತು ಎಂಬುದರ ನಕಲು ಪಡೆದು ಕಡತದಲ್ಲಿಡಲಿ. ಜಾಗ ಕೊಳ್ಳುವವರೂ ಪತ್ರದ ಜೊತೆ ಇದನ್ನು ಕೇಳಲಿ. ಮಾಲೀಕರು ಆ ಮೂಟೆಯನ್ನು ತಕ್ಕಡಿಗೆ ಹಾಕುವ ಮುಂಚೆ ಒಮ್ಮೆ ಬಿಚ್ಚಿ ನೋಡಲಿ.

ಗುಜರಿಯವನು ಕೊಡುವುದು ಕೆಜಿ ಲೆಕ್ಕ. ಪಕ್ಕದ ಹೊಲದ ಬಾವಿ ಕೆಟ್ಟರೆ ಆ ಲೆಕ್ಕ ಸಾಲುವುದಿಲ್ಲ.